ಮಾರಿವೋನ್ ಕತ್ತರಿಸಿದ ಮುಂಹಾಯಿ

ಫ್ರಾನ್ಸಿನ ಬ್ರಿಟನಿ ಸೀಮೆಯ ನಮ್ಮ ಬಂದರಿನಲ್ಲಿ ಹಾಯಿ ಹೊಲಿಯುವ ಅಟ್ಟ ಒಂದೇ ಇತ್ತು. ಮಾರಿವೋನ್ ಮತ್ತು ನಾನು ಅಲ್ಲಿ ಎದುರುಬದುರು ಮೊಣಕಾಲೂರಿ ಬಟ್ಟೆ ಕತ್ತರಿಸುತ್ತಲೇ ಮುದುಕಿಯರಾದೆವು. ಅವಳ ಗಂಡ ಗುಲ್ವೆನ್ ಜೀವಮಾನವೆಲ್ಲ ಟ್ರಾಲರಿನಲ್ಲಿ ಮೀನು ಹಿಡಿದವನು. ನಿವೃತ್ತಿಯಾದ ಮೇಲೆ ಹಳೆಯ ಹಾಯಿದೋಣಿಯೊಂದನ್ನು ಕೊಂಡ.

"ಇಷ್ಟು ವರ್ಷ ನಿನ್ನನ್ನ ದಡದಲ್ಲೇ ಬಿಟ್ಟು ಹೋದೆ. ಈಗ ಸ್ಪೇನ್ ತನಕ ಜೊತೇಲೇ ಹೋಗೋಣ" ಅಂದಿದ್ದ.

ದೋಣಿಯ ಮುಂದಿನ ಹಾಯಿ ಬಿಸಿಲಿಗೆ ಪಿಸಿದುಹೋಗಿತ್ತು. ಅವನಿಗೆ ಬೇಕಾದದ್ದು ಹಾಯಿಕಂಬವನ್ನು ದಾಟಿ ಹಿಂದಕ್ಕೆ ಚಾಚುವಷ್ಟು ದೊಡ್ಡದು.

"ಉಸಿರು ಬಿಟ್ಟಷ್ಟು ಗಾಳಿಗೂ ಓಡ್ಬೇಕು ಕಣೇ. ಗಾಳಿ ಜಾಸ್ತಿಯಾದ್ರೆ ಅರ್ಧ ಸುತ್ತಿಟ್ರಾಯ್ತು."

"ಅರ್ಧ ಸುತ್ತಿದ ಹಾಯಿ ಚೀಲದ ಹಾಗೆ ಉಬ್ಬುತ್ತೆ. ದೋಣಿ ಮುಂದಕ್ಕೆ ಹೋಗಲ್ಲ, ಮಗ್ಗುಲಿಗೆ ಮಲಗುತ್ತೆ. ಇಷ್ಟು ಕಾಲ ಸಮುದ್ರದಲ್ಲಿ ಏನ್ ಮಾಡ್ತಿದ್ದೆ ಮಾರಾಯ, ಮೀನಿಗೆ ಕಥೆ ಹೇಳ್ತಿದ್ಯಾ?"

ನಾವು ಮೂವರೂ ನಕ್ಕೆವು. ಆದರೆ ಅಟ್ಟದ ಮೆಟ್ಟಿಲು ಹತ್ತುವಾಗ ಅವನು ನಡುನಡುವೆ ನಿಂತು, ಕಡಲು ನೋಡುವವನಂತೆ ನಟಿಸುತ್ತಿದ್ದುದನ್ನು ಅವಳು ಗಮನಿಸಿದ್ದಳು. ಎದೆಯ ಕಾಯಿಲೆಯ ವಿಷಯವನ್ನು ವೈದ್ಯರು ಇಬ್ಬರಿಗೂ ಹೇಳಿದ್ದರು. ಮನೆಯಲ್ಲಿ ಅವನು ಅದರ ಮಾತೆತ್ತಲೇ ಇಲ್ಲ.

ಮಾರಿವೋನ್ ಚಿಕ್ಕ ಹಾಯಿಯನ್ನೇ ಕತ್ತರಿಸಿದಳು. ನೆಲದ ಮೇಲೆ ಹರಡಿದ್ದ ಅದರ ಸುತ್ತ ಗುಲ್ವೆನ್ ಬೂಟು ಬಿಚ್ಚಿ ಒಂದು ಸುತ್ತು ಬಂದ. ಕಂಬದ ಜಾಗಕ್ಕೆಂದು ಎಳೆದ ಸೀಮೆಸುಣ್ಣದ ಗೆರೆಯನ್ನು ಹಾಯಿ ದಾಟಿರಲಿಲ್ಲ.

"ಇದು ಯಾವ ಮಗುವಿನ ದೋಣಿಗೆ?"

"ನಮ್ಮದಕ್ಕೆ."

"ನನ್ನ ಕೈಲಾಗಲ್ಲ ಅಂತ ತೀರ್ಮಾನ ಮಾಡ್ಬಿಟ್ಯಾ?"

"ನಿನ್ನ ಕೈ ಅಳತೆಗೆ ಕತ್ತರಿಸಿಲ್ಲ, ಗುಲ್ವೆನ್. ನನ್ನ ಕೈ ಅಳತೆಗೆ. ನೀನು ಬಿದ್ರೆ ಹಗ್ಗ ಎಳೆಯೋಳು ನಾನೇ ತಾನೇ?"

ಅವನು ಬೂಟು ಹಾಕಿಕೊಂಡು ಕೆಳಗಿಳಿದುಹೋದ. ಆಮೇಲೆ ಎಷ್ಟೋ ದಿನ ಮುಖವೆತ್ತದೆ ಸೂಪು ಕುಡಿದನಂತೆ. ಕೊನೆಗೊಂದು ಭಾನುವಾರ ತಾನೇ ಹೋಗಿ ಆ ಹಾಯಿಯನ್ನು ಕಟ್ಟಿದ.

ಜೂನ್‌ನಲ್ಲಿ ಒಮ್ಮೆ ಬಿರುಗಾಳಿಗೆ ಸಿಕ್ಕಿ ಇಬ್ಬರೂ ತೊಯ್ದು ತೊಪ್ಪೆಯಾಗಿ ಬಂದರು. ಗುಲ್ವೆನ್ ಅಟ್ಟದ ಮೇಜು ತಟ್ಟಿ ಕೂಗಿದ: "ಬೇರೆಯವರೆಲ್ಲ ಮಗುಚಿಬೀಳೋ ಹಾಗೆ ವಾಲಾಡ್ತಿದ್ರು. ನಮ್ಮದು ಬಾತುಕೋಳಿ ಹಾಗೆ ಬಂತು, ಗೊತ್ತಾ!" ಮಾರಿವೋನ್ ಮುಖ ಕೆಂಪಾಯಿತು. ಅವಳನ್ನು ಅಷ್ಟು ಸುಖದಲ್ಲಿ ನಾನು ಮತ್ತೆಂದೂ ನೋಡಲಿಲ್ಲ.

ಆಗಸ್ಟಿನಲ್ಲಿ ಒಂದು ದಿನ ಅವನು ದೋಣಿಯಲ್ಲೇ ಎದೆ ಹಿಡಿದುಕೊಂಡು ಬಿದ್ದ. ಅಂದು ಕಡಲು ಎಣ್ಣೆಯಂತೆ ನಿಶ್ಚಲವಾಗಿತ್ತು. ಮರಳಲೆಂದು ಅವಳು ಚಾಲೂ ಮಾಡಿದ ಎಂಜಿನ್ ಕೆಮ್ಮಿ ನಿಂತುಹೋಯಿತು. ಹರಿದ ಬಲೆಯೊಂದು ನೀರಿನಡಿ ತಿರುಗುವ ಅದರ ರೆಕ್ಕೆಗೆ ಸುತ್ತಿಕೊಂಡಿತ್ತು. ಆಗೆಲ್ಲ ಸಣ್ಣ ದೋಣಿಗಳಲ್ಲಿ ರೇಡಿಯೋ ಇರುತ್ತಿರಲಿಲ್ಲ. ದಡ ಕಣ್ಣಿಗೆ ಕಾಣುತ್ತಿತ್ತು. ಆದರೆ ಇದ್ದ ಉಸಿರಿನಷ್ಟು ಗಾಳಿಗೆ ಚಿಕ್ಕ ಹಾಯಿ ಒಣಹಾಕಿದ ಬಟ್ಟೆಯಂತೆ ಜೋತುಬಿದ್ದಿತ್ತು. ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಕೈಯಲ್ಲಿ ಚುಕ್ಕಾಣಿ ಹಿಡಿದು ಅವಳು ದೋಣಿಯನ್ನು ತೆವಳಿಸಿಕೊಂಡು ಬಂದಳು.

ದೋಣಿ ಕಟ್ಟುವ ದಕ್ಕೆಯಲ್ಲಿ ನಾನು ಹಗ್ಗ ಹಿಡಿದುಕೊಳ್ಳುವ ಹೊತ್ತಿಗೆ ಅವನ ಮೈ ತಣ್ಣಗಾಗಿತ್ತು. ಚುಕ್ಕಾಣಿಯಿಂದ ಅವಳ ಬೆರಳುಗಳನ್ನು ನಾನೇ ಬಿಡಿಸಬೇಕಾಯಿತು.

ದಡದಲ್ಲಿದ್ದರೂ ಉಳಿಯುತ್ತಿರಲಿಲ್ಲ ಎಂದರು ವೈದ್ಯರು. ಮಾರಿವೋನ್ ನಂಬಲಿಲ್ಲ.

"ಅವನು ಕೇಳಿದ ಹಾಯಿ ಹೊಲಿದಿದ್ರೆ ಆ ಗಾಳಿಗೂ ದೋಣಿ ಓಡ್ತಿತ್ತು."

ಅದು ನಿಜವೆಂದು ನನಗೂ ಗೊತ್ತಿತ್ತು. ಆದರೂ ಹೇಳಿದೆ: "ಜೂನ್‌ನ ಬಿರುಗಾಳೀಲಿ ಆ ದೊಡ್ಡ ಹಾಯಿ ಇದ್ದಿದ್ರೆ ಇಬ್ರೂ ಮುಳುಗಿಹೋಗ್ತಿದ್ರಿ."

"ಹೌದು," ಎಂದಳು. "ಇಬ್ರೂ."

ಅಲ್ಲಿಂದಾಚೆ ಅವಳು ದೋಣಿಯ ಮುಸುಕು, ಅಂಗಡಿಗಳ ಚಪ್ಪರದ ಬಟ್ಟೆ ಮಾತ್ರ ಹೊಲಿದಳು. ಹಾಯಿ ಕೇಳಿಕೊಂಡು ಬಂದವರಿಗೆ ನನ್ನ ಕಡೆ ಕೈ ತೋರಿಸುತ್ತಿದ್ದಳು.

ಮರುವರ್ಷ ಲೋರಿಯಾನ್ ಪಟ್ಟಣದಿಂದ ಗಂಡಹೆಂಡತಿ ಗುಲ್ವೆನ್‌ನ ದೋಣಿ ಕೊಳ್ಳಲು ಬಂದರು. ಈ ಹಾಯಿಯ ಅಳತೆ ಸರಿಯಿದೆಯೇ ಎಂದು ಕೇಳಿದರು.

"ಯಾರ್ಯಾರು ಹೋಗ್ತೀರ?" ಎಂದಳು ಮಾರಿವೋನ್.

"ನಾವಿಬ್ರೇ."

"ಇಬ್ಬರಲ್ಲಿ ಶಕ್ತಿ ಕಮ್ಮಿ ಯಾರಿಗೆ?"

ಹೆಂಗಸು ನಗುತ್ತ ಕೈ ಎತ್ತಿದಳು. ಮಾರಿವೋನ್ ಅವಳ ಕೈಗೆ ಹಗ್ಗ ಕೊಟ್ಟಳು. ಅಂದು ಒಳ್ಳೆಯ ಗಾಳಿಯಿತ್ತು. ಪಟಪಟನೆ ಬಡಿದುಕೊಳ್ಳುತ್ತಿದ್ದ ಹಾಯಿಯನ್ನು ಹೆಂಗಸು ಒಬ್ಬಳೇ ಸಲೀಸಾಗಿ ಬಿಗಿಗೊಳಿಸಿದಳು. ಮಾರಿವೋನ್ ದಕ್ಕೆಯ ಕಲ್ಲಿನ ಮೇಲೆ ಕುಸಿದು ಕುಳಿತು, ಗಂಡನನ್ನು ಮಣ್ಣು ಮಾಡಿದ ದಿನವೂ ಅಳದಿದ್ದವಳು, ಬಿಕ್ಕಿ ಬಿಕ್ಕಿ ಅತ್ತಳು.

ಗಂಡಹೆಂಡತಿ ಗಾಬರಿಯಿಂದ ನನ್ನ ಮುಖ ನೋಡಿದರು.

"ಹಾಯಿ ಸರಿಯಾಗಿದೆ," ಎಂದೆ. "ತಗೊಳ್ಳಿ."