ಸಾವಿನ ಪಾಲು ಕಾಯ್ದ ಮುನಿಶಾಮಮ್ಮ

ಮೈಸೂರು ಮೈನ್ಸ್‌ನ ಗಣಿ ಕೂಲಿಗಳ ಸಾಲುಮನೆಯ ಆ ಲೈನಿನಲ್ಲಿ ಯಾರ ಉಸಿರು ನಿಂತರೂ ಡಾಕ್ಟರಿಗಿಂತ ಮೊದಲು ಮುನಿಶಾಮಮ್ಮನಿಗೆ ಹೇಳಿಕಳಿಸುತ್ತಿದ್ದರು. ಡಾಕ್ಟರು ಬಂದು ಆಮೇಲೆ ಮಾಡುವುದಾದರೂ ಏನು ಹೇಳಿ. ಮುನಿಶಾಮಮ್ಮ ಬಂದರೆ ಚಟ್ಟಕ್ಕೆ ಬಿದಿರು ಬರುತ್ತಿತ್ತು, ಹೂವು ಬರುತ್ತಿತ್ತು, ಗುಂಡಿ ತೋಡುವವರು ಬರುತ್ತಿದ್ದರು, ಆರುಮುಗಂ ತಮಟೆ ಕಾಯಿಸಿಕೊಂಡು ಬರುತ್ತಿದ್ದ. ಎಲ್ಲ ಸಾವಿನ ಸಂಘದ ದುಡ್ಡು. ಮನೆಮನೆಗೂ ಹೋಗಿ ತಿಂಗಳ ಚಂದಾ ಎತ್ತಿ, ತಗಡಿನ ಪೆಟ್ಟಿಗೆಗೆ ಹಾಕಿ, ಅದರ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವವಳು ಅವಳೇ.

ಈ ಸಂಘ ಹುಟ್ಟಿದ್ದು ಅವಳ ಹೊಟ್ಟೆಯ ಉರಿಯಿಂದ. ಬೇತಮಂಗಲದ ಕಡೆಯಿಂದ ಸೆಲ್ವರಾಜನನ್ನು ಕಟ್ಟಿಕೊಂಡು ಬಂದವಳು. ಗಣಿ ಮುಚ್ಚಿದ ಮರುವರ್ಷವೇ ಅವನು ಎದೆ ತುಂಬ ಧೂಳು ತುಂಬಿಕೊಂಡು ಸತ್ತ. ಮನೆಯಲ್ಲಿ ಬಿಡಿಗಾಸಿಲ್ಲ. ಆಂಡರ್ಸನ್‌ಪೇಟೆಯಿಂದ ತರಕಾರಿ ತಳ್ಳುಗಾಡಿ ಬೇಡಿ ತಂದು, ಅದರ ಮೇಲೆ ಮಲಗಿಸಿ ಸ್ಮಶಾನಕ್ಕೆ ಸಾಗಿಸಿದರು. ಗಾಡಿಯವನು ಜೊತೆಗೇ ನಡೆದು, ಸಾಯಂಕಾಲದ ವ್ಯಾಪಾರಕ್ಕೆ ಗಾಡಿ ಬೇಕು, ಬೇಗ ಬೇಗ ಅಂತ ಅವಸರ ಮಾಡಿದ. ಗಂಡನ ಕಾಲಿಗೆ ಎಲೆಕೋಸಿನ ಎಲೆ ಅಂಟಿಕೊಂಡಿದ್ದನ್ನು ಅವಳು ಇವತ್ತಿಗೂ ಮರೆತಿಲ್ಲ.

ಅದಾದ ಮೇಲೆ ಬೈದು, ಜಗಳ ಆಡಿ, ಬಾಗಿಲಲ್ಲಿ ಕೂತು ಒಬ್ಬೊಬ್ಬರನ್ನೇ ಸಂಘಕ್ಕೆ ಸೇರಿಸಿದಳು. ಇದ್ದದ್ದು ಒಂದೇ ಕಟ್ಟಳೆ. ದುಡ್ಡು ಹೊರಗೆ ಬರುವುದು ಹೆಣಕ್ಕೆ ಮಾತ್ರ. ಮದುವೆಗಿಲ್ಲ, ಆಸ್ಪತ್ರೆಗಿಲ್ಲ. ಯಾವನಾದರೂ ಹಲ್ಲು ಕಿರಿದುಕೊಂಡು ಕೈಸಾಲ ಕೇಳಲು ಬಂದರೆ, "ಮೊದ್ಲು ಸಾಯಿ, ಆಮ್ಯಾಕೆ ಬಾ" ಅಂದು ಬಾಗಿಲು ಹಾಕಿಬಿಡುತ್ತಿದ್ದಳು. ಅವಳ ಬಾಯಿಗೆ ಹೆದರದವರು ಆ ಲೈನಿನಲ್ಲಿ ಇರಲಿಲ್ಲ.

ಪಕ್ಕದ ಮನೆ ವೇಣು ಮಾತ್ರ ಹೆದರುತ್ತಿರಲಿಲ್ಲ. ಒಡಹುಟ್ಟಿದವನಲ್ಲ, ಆದರೂ ಬಾಯಿ ತುಂಬ ಅಕ್ಕ ಅನ್ನುತ್ತಿದ್ದ. ಗಣಿ ಮುಚ್ಚುವ ಮೊದಲಿನ ಕೆಲವು ವರ್ಷ ಕೆಳಗಿಳಿದು ಕೆಲಸ ಮಾಡಿದ್ದ, ಸೆಲ್ವರಾಜನ ಕಾಯಿಲೆಯೇ ಅವನಿಗೂ ಹತ್ತಿತ್ತು. ಹೆಂಡತಿ ತೀರಿಕೊಂಡಿದ್ದಳು. ಉಳಿದಿದ್ದವಳು ಮಗಳು ಶ್ಯಾಮಲಾ ಒಬ್ಬಳೇ. ದಿನಾ ಮಾರಿಕುಪ್ಪಂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬಂದು ಎಂ.ಎಸ್ಸಿ. ಮುಗಿಸಿದ ಹುಡುಗಿ. ಚಿನ್ನ ತೆಗೆದು ಎಸೆದ ಬೂದು ಮಣ್ಣಿನ ಸೈನೈಡ್ ದಿಬ್ಬಗಳಿವೆಯಲ್ಲ, ಬಿಸಿಲು ಏರಿ ಗಾಳಿ ಬೀಸಿದರೆ ಅನ್ನದ ತಟ್ಟೆಗೇ ಬಂದು ಬೀಳುವ ಆ ಧೂಳು, ಅದನ್ನು ಯಾವ ಹುಲ್ಲು ಬೆಳೆಸಿ ಹಿಡಿದು ನಿಲ್ಲಿಸಬಹುದು ಅನ್ನುವುದು ಅವಳ ಓದು.

ಸಮುದ್ರದ ಆಚೆಯ ಒಂದು ಯೂನಿವರ್ಸಿಟಿ ಆ ಓದಿಗೆ ಅವಳನ್ನು ಆರಿಸಿತು. ಇವಳು ಒಂದು ವರ್ಷ ಅಲ್ಲಿಗೆ, ಅಲ್ಲಿಯವರೊಬ್ಬರು ಇಲ್ಲಿಗೆ. ಊಟ, ರೂಮು ಎಲ್ಲ ಸ್ಕಾಲರ್‌ಶಿಪ್ಪಿನಲ್ಲೇ. ಆದರೆ ವೀಸಾ, ವಿಮೆ, ವಿಮಾನದ ಟಿಕೆಟ್ಟಿಗೆ ಮೊದಲು ಕೈಯಿಂದ ಹಾಕಬೇಕು, ಅಲ್ಲಿಗೆ ಮುಟ್ಟಿದ ಮೇಲೆ ವಾಪಸು ಕೊಡುತ್ತಾರೆ. ಕೈಯಲ್ಲಿ ಇರಬೇಕಲ್ಲ? ಆಗ ವೇಣು ಬಂದು ಮುನಿಶಾಮಮ್ಮನ ಹೊಸ್ತಿಲ ಮೇಲೆ ಕೂತ.

"ಅಕ್ಕ, ನನ್ನ ಪಾಲು ಈಗ್ಲೇ ಕೊಟ್ಬುಡು."

"ಯಾವ ಪಾಲ್ಲಾ?"

"ಸಾವಿಂದು."

ಮುನಿಶಾಮಮ್ಮ ಕೈಲಿದ್ದ ಮೊರವನ್ನೇ ಎತ್ತಿದಳು. ಬದುಕಿರುವವನು ಸಾವಿನ ದುಡ್ಡು ಕೇಳುವುದೇ? ಬಿಡ್ತು ಅನ್ನು ಅಂದಳು. ವೇಣು ಅಲುಗಲಿಲ್ಲ. "ಸತ್ಮ್ಯಾಕೆ ತಮಟೆ ನಂಗೆ ಕೇಳ್ಸುತ್ತಾ ಅಕ್ಕ? ನನ್ನ ಎಂಗೋ ಎತ್ತಾಕ್ರಿ. ಮಗ್ಳು ಈ ಧೂಳು ಬಿಟ್ಟು ಒಂಟೋದ್ಲು ಅಂತ ಒಂದ್ಸಲ ಕಣ್ಣಲ್ಲಿ ನೋಡ್ಬೇಕು" ಅಂದ. ಅಷ್ಟು ಹೇಳುವುದರೊಳಗೆ ಎರಡು ಸಲ ಕೆಮ್ಮಿದ.

ಸಂಘದವರೇ ಬೇಡ ಅನ್ನಲಿ ಅಂತ ಅವಳು ಎಲ್ಲರನ್ನೂ ಕೂರಿಸಿ ವಿಷಯ ಎತ್ತಿದಳು. ಆಗಿದ್ದು ಬೇರೆ. ವೇಣುವಿನ ಒಂದು ಪಾಲಿನಿಂದ ಟಿಕೆಟ್ಟಿನ ಅರ್ಧವೂ ಆಗುವುದಿಲ್ಲ ಅಂತ ಗೊತ್ತಾದಾಗ ಆರುಮುಗಂ, "ನಂದೂ ಸೇರ್ಸಿ. ಎಂಗಿದ್ರೂ ನನ್ನ ಸಾವಿಗೆ ತಮಟೆ ಬಡ್ಯೋನು ಯಾರವ್ನೆ, ನಾನೇ ಎದ್ದು ಬಡೀಬೇಕು" ಅಂದ. ಎಲ್ಲರೂ ನಕ್ಕರು. ನಗುತ್ತಲೇ ಇನ್ನೂ ಮೂವರು ತಮ್ಮ ಪಾಲು ಬಿಟ್ಟುಕೊಟ್ಟರು. ಮುನಿಶಾಮಮ್ಮ ತನ್ನದನ್ನು ಬಿಡಲಿಲ್ಲ. ಪೆಟ್ಟಿಗೆ ಇಟ್ಟುಕೊಂಡವಳು ಅದರಲ್ಲಿ ಕೈ ಆಡಿಸಬಾರದು ಅಂದಳು. ಇರಬಹುದು ಅಂದುಕೊಂಡರು.

ಅವತ್ತಿನಿಂದ ಲೈನಿನಲ್ಲಿ ವೇಣುವಿಗೆ ಹೆಣ ಅನ್ನುವ ಹೊಸ ಹೆಸರು ಬಂತು. "ಏನ್ಲಾ ಎಣ, ಟೀ ಆಯ್ತಾ?" ಅನ್ನುವರು. "ಆಯ್ತು, ಗುಂಡಿಗೋಗೋ ಮುಂಚೆ ಇನ್ನೊಂದು ಕುಡಿತೀನಿ" ಅಂತ ಅವನೂ ನಗುವನು, ನಕ್ಕು ನಕ್ಕು ಕೆಮ್ಮುವನು. ಅಷ್ಟು ಖುಷಿಯಾಗಿದ್ದ ವೇಣುವನ್ನು ಹೆಂಡತಿ ಹೋದ ಮೇಲೆ ಯಾರೂ ನೋಡಿರಲಿಲ್ಲ.

ಟಿಕೆಟ್ ಬಂತು. ಹೊರಡಲು ವಾರವಿದೆ ಅನ್ನುವಾಗ ಒಂದು ಮಧ್ಯಾಹ್ನ ಶ್ಯಾಮಲಾ ಬಂದು ಮುನಿಶಾಮಮ್ಮನ ಅಡುಗೆಮನೆಯಲ್ಲಿ ಗೋಡೆಗೊರಗಿ ನಿಂತಳು. ಮುಖ ಬಿಳಿಚಿಕೊಂಡಿತ್ತು.

"ಅತ್ತೆ, ಆ ಸ್ಕಾಲರ್‌ಶಿಪ್ ನಿಂತೋಯ್ತು. ಅಲ್ಲಿನ ಸರ್ಕಾರ ಅದಕ್ಕೆ ದುಡ್ಡು ಕೊಡೋದೇ ಬಿಟ್ಟುಬಿಟ್ಟೈತೆ. ಹವಾಮಾನ, ಮಣ್ಣು ಅಂತ ಓದೋಕೆ ಹೊರಗಿನಿಂದ ಹೋಗೋರಿಗೆ ಈ ವರ್ಷ ಏನೂ ಇಲ್ವಂತೆ. ನಿಮ್ಮ ತಪ್ಪೇನಿಲ್ಲ ಅಂತ ಬರೆದವ್ರೆ."

ನಿಜ ಹೇಳಬೇಕೆಂದರೆ, ಆಗ ಮುನಿಶಾಮಮ್ಮನ ಕಣ್ಣ ಮುಂದೆ ಬಂದದ್ದು ಆ ಹುಡುಗಿಯ ಮುಖವಲ್ಲ, ಮಂಚದ ಕೆಳಗಿದ್ದ ಪೆಟ್ಟಿಗೆ. ಇಷ್ಟು ವರ್ಷ ಬೆಂಕಿ ಕಾಯ್ದ ಹಾಗೆ ಕಾಯ್ದದ್ದು. ಐದು ಜನರ ಸಾವಿನ ದುಡ್ಡನ್ನು ಮುನಿಶಾಮಮ್ಮ ನೀರುಪಾಲು ಮಾಡಿದಳು ಅಂತ ನಾಳೆ ನಲ್ಲಿಯ ಹತ್ತಿರ ಮಾತಾಗುತ್ತದೆ.

"ಅಪ್ಪಂಗೆ ಏಳ್ಬೇಡ. ಕೇಳಿದ್ರೆ ಪ್ರಾಣಾನೇ ಬಿಡ್ತಾನೆ" ಅಂದಳು.

"ಮತ್ತೆ?"

"ಓಗು. ಎಲ್ರ ಮುಂದೆ ಸೂಟ್ಕೇಸು ತಕಂಡು ಓಗು. ಬೆಂಗ್ಳೂರಾಗೆ ಎಲ್ಲಾದ್ರೂ ಇದ್ಕೋ. ಒಂದೊರ್ಷ ಕಳೀಲಿ."

"ನನ್ ಕೈಲಿ ಆಗಲ್ಲ ಅತ್ತೆ. ಅಪ್ಪನ ಹತ್ರ ನಾನು ಯಾವತ್ತೂ ಸುಳ್ಳು ಹೇಳಿಲ್ಲ."

"ಐದು ಜನ ಅವ್ರ ಸಾವನ್ನ ನಿನ್ ಕೈಲಿ ಇಕ್ಕವ್ರೆ. ಏನಂತ ಏಳ್ತೀಯ ಅವ್ರಿಗೆ?"

ಶ್ಯಾಮಲಾ ಮನೆಗೆ ಹೋಗಿ ಬಟ್ಟೆ ಜೋಡಿಸಿಕೊಂಡಳು. ಹೊರಡುವ ದಿನ ಇಡೀ ಲೈನೇ ಸ್ಟೇಷನ್ನಿಗೆ ಬಂದಿತ್ತು. ಹಾರ ಹಾಕಿದರು. ವೇಣು ದಾರಿಯುದ್ದಕ್ಕೂ ಅಲ್ಲಲ್ಲಿ ಕೂತು ಸುಧಾರಿಸಿಕೊಂಡು ಪ್ಲಾಟ್‌ಫಾರಂ ತನಕ ನಡೆದುಬಂದ. ರೈಲು ಹುಡುಗಿಯನ್ನು ವೈಟ್‌ಫೀಲ್ಡಿನಲ್ಲಿ ಇಳಿಸಿತು. ಅಲ್ಲೊಂದು ಪಿ.ಜಿ., ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲೊಂದು ಕೆಲಸ. ಟಿಕೆಟ್ ರದ್ದು ಮಾಡಿ ಬಂದ ಅಷ್ಟಿಷ್ಟನ್ನು ಅವಳು ಮುನಿಶಾಮಮ್ಮನಿಗೆ ಕಳಿಸಿದಳು, ಮುನಿಶಾಮಮ್ಮ ಸದ್ದಿಲ್ಲದೆ ಪೆಟ್ಟಿಗೆಗೆ ಹಾಕಿದಳು.

ಭಾನುವಾರ ಭಾನುವಾರ ಫೋನು ಬರುತ್ತಿತ್ತು. "ಅಲ್ಲಿ ಚಳಿಯಾ ಮಗ?" ಅಂತ ವೇಣು ಕೇಳುವನು. "ಚಳಿ ಅಪ್ಪ" ಅನ್ನುವಳು. ಅಷ್ಟಕ್ಕೇ ಅವನು ಲೈನಿನ ತುಂಬ ಹಿಮ ಸುರಿಸಿ ಬರುವನು.

ಕಾರ್ತಿಕ ಕಳೆಯುವ ಹೊತ್ತಿಗೆ ಅವನು ಹಾಸಿಗೆ ಹಿಡಿದ. ಮಲಗಿದರೆ ಉಸಿರು ಸಿಗದು, ಗೋಡೆಗೆ ಒರಗಿಯೇ ಇರಬೇಕು. ಮುನಿಶಾಮಮ್ಮ ಗಂಜಿ ಕುಡಿಸಿ ಬೆನ್ನು ನೀವುತ್ತಿದ್ದಳು. "ಮಗ್ಳಿದ್ದಿದ್ರೆ ಚೆನ್ನಾಗಿ ನೀವೋಳು ಅಕ್ಕ" ಅಂದ ಒಂದು ದಿನ. ಬರಹೇಳಲಾ ಅಂದರೆ, "ಬ್ಯಾಡ, ಓದು ಕೆಡ್ತದೆ" ಅಂದ. ಅತ್ತ ಶ್ಯಾಮಲಾ ಮುನಿಶಾಮಮ್ಮನಿಗೆ ಬೇರೆ ಫೋನು ಮಾಡಿ ಅಳುವಳು, "ಅತ್ತೆ, ನಾನು ಬಂದುಬಿಡ್ತೀನಿ." "ಇನ್ನೊಂದಿಷ್ಟು ದಿನ ತಡ್ಕ ತಾಯಿ, ಈಗ ಬಂದ್ರೆ ಎಲ್ಲಾ ಕೆಟ್ಟೋಯ್ತದೆ" ಅಂತ ಮುನಿಶಾಮಮ್ಮ ಪ್ರತಿ ಸಲವೂ ಅದನ್ನೇ ಹೇಳಿದಳು. ಹುಡುಗಿ ಪ್ರತಿ ಸಲವೂ ಕೇಳಿದಳು.

ಒಂದು ಬೆಳಿಗ್ಗೆ ಗಂಜಿ ತಂದಾಗ ವೇಣು ಗೋಡೆಗೆ ಒರಗಿದ ಹಾಗೇ ಹೋಗಿಬಿಟ್ಟಿದ್ದ.

ಮುನಿಶಾಮಮ್ಮ ಹಿತ್ತಿಲಿಗೆ ಹೋಗಿ ಫೋನು ಮಾಡಿದಳು. ಸುದ್ದಿ ಹೇಳಿ, "ಇವತ್ತು ಬರ್ಬೇಡ ಮಗ. ಮೂರ್ನೇ ದಿನ ಆಲುತುಪ್ಪದ ಒತ್ಗೆ ಬಾ. ವಿಮಾನ್ದಾಗೆ ಬಂದಂಗಾಯ್ತದೆ" ಅಂದಳು. ಆ ಕಡೆ ಫೋನು ಕಟ್ಟಾಯಿತು.

ವೇಣುವಿಗೆ ಸಂಘದಲ್ಲಿ ಪಾಲಿರಲಿಲ್ಲ. ಅದನ್ನು ಯಾರೂ ನೆನೆಸಲೂ ಇಲ್ಲ. ಬಿದಿರು ಕಡಿದು ತಂದರು, ಗುಂಡಿ ತೋಡಿದರು, ಆರುಮುಗಂ ಬಿಟ್ಟಿ ತಮಟೆ ಬಡಿದ. ಮಗಳು ದೂರದೇಶದಲ್ಲಿದ್ದಾಳೆ, ಕಾಯುವುದು ಬೇಡ ಅಂತ ಮಧ್ಯಾಹ್ನಕ್ಕೇ ಚಟ್ಟ ಎತ್ತಲು ಬಗ್ಗಿದರು. ಅಷ್ಟರಲ್ಲಿ ಆರುಮುಗಂ ತಮಟೆ ಕೆಳಗಿಟ್ಟು ಜೇಬಿನಿಂದ ಫೋನು ತೆಗೆದ. "ಇರ್ರಿ. ಪಾಪ ಮುಖಾನಾದ್ರೂ ನೋಡ್ಲಿ. ಈಗೆಲ್ಲ ವಿಡಿಯೋದಾಗೆ ತೋರಿಸ್ತಾರೆ."

"ಅಲ್ಲಿ ಈಗ ರಾತ್ರಿ ಕಣ್ಲಾ, ಮಲಗಿರ್ತಾಳೆ" ಅಂದಳು ಮುನಿಶಾಮಮ್ಮ.

"ಅಪ್ಪ ಸತ್ತವ್ನೆ. ಯಾವ ನಿದ್ದೆ ಅಕ್ಕ?"

ಮೊದಲ ರಿಂಗಿಗೇ ಶ್ಯಾಮಲಾ ಎತ್ತಿದಳು. ಮುಖ ಊದಿಕೊಂಡಿತ್ತು, ಹಿಂದೆ ಬರೀ ಗೋಡೆ. ಆರುಮುಗಂ ಫೋನನ್ನು ವೇಣುವಿನ ಮುಖದ ಹತ್ತಿರ ಹಿಡಿದ. ಅವಳು ಒಂದೇ ಸಲ ಅಪ್ಪಾ ಅಂದಳು. ಅದರ ಹಿಂದೆಯೇ ಫೋನಿನಿಂದ ಇನ್ನೊಂದು ದನಿ ಬಂತು, ಮೈಕಿನ ಹೆಂಗಸಿನ ದನಿ. ಮಾರಿಕುಪ್ಪಂಗೆ ಹೋಗುವ ಪ್ಯಾಸೆಂಜರ್ ಗಾಡಿ ಇನ್ನು ಸ್ವಲ್ಪ ಹೊತ್ತಿನಲ್ಲಿ ಹೊರಡುತ್ತದೆ ಅಂತ ಅದು ಕನ್ನಡದಲ್ಲಿ ಹೇಳಿತು. ದಿನಾ ಅದೇ ಗಾಡಿಯಲ್ಲಿ ಕೂಲಿಗೆ ಹೋಗಿಬರುವ ಜನ. ಆ ದನಿ ಯಾರಿಗೆ ಗೊತ್ತಿಲ್ಲ?

"ಎಲ್ಲಿದೀಯ ಪಾಪ?" ಅಂದ ಆರುಮುಗಂ.

"ಬಂಗಾರಪೇಟೆ ಸ್ಟೇಷನ್ನು ಮಾಮ. ಬೆಳಿಗ್ಗೆಯಿಂದ ಇಲ್ಲೇ ಕೂತಿದೀನಿ. ನಾನು ಹೋಗೇ ಇಲ್ಲ ಮಾಮ."

ಆರುಮುಗಂ, "ಆ ಗಾಡೀಲೇ ಬಾ" ಅಂದು ಫೋನು ಇಟ್ಟ. ಎಲ್ಲರೂ ಮುನಿಶಾಮಮ್ಮನ ಕಡೆ ತಿರುಗಿದ್ದರು. ಅವಳು ಮುಚ್ಚಿಡಲಿಲ್ಲ. ಸ್ಕಾಲರ್‌ಶಿಪ್ ನಿಂತದ್ದು, ತಾನೇ ಸುಳ್ಳು ಹೇಳಿಸಿ ಬೆಂಗಳೂರಿನಲ್ಲಿ ಇರಿಸಿದ್ದು, ಬರಬೇಡ ಅಂದದ್ದು, ಎಲ್ಲ ಹೇಳಿದಳು. ದುಡ್ಡು ಮುಳುಗಿತು ಅಂತ ಗೊತ್ತಾಗಿದ್ದರೆ ವೇಣು ತಡೆದುಕೊಳ್ಳುತ್ತಿರಲಿಲ್ಲ ಅಂದಳು.

"ದುಡ್ಡಾ?" ಅಂದ ಆರುಮುಗಂ. ದನಿ ಏರಿಸಲಿಲ್ಲ. "ಅದ್ನ ಕೊಟ್ಟಾಗ್ಲೇ ಬಿಟ್ಟಿದ್ವಲ್ಲಕ್ಕ, ಯಾರು ಕೇಳಿದ್ರು ನಿನ್ನ? ಮಗ್ಳು ಎರಡು ಗಂಟೆ ದಾರೀಲಿದ್ಲು. ಇವ್ನು ಗೋಡೆಗೆ ಬೆನ್ನು ಉಜ್ಕಂಡು ಸತ್ತ."

ಮಗಳು ಬರುವ ತನಕ ಚಟ್ಟ ಅಂಗಳದಲ್ಲೇ ಇರಲಿ ಅಂದರು. ಮುನಿಶಾಮಮ್ಮ ಅದರ ಪಕ್ಕದಲ್ಲೇ ಕೂತಳು. ಇಷ್ಟು ದಿನವೂ ಇದೆಲ್ಲ ವೇಣುವಿಗೋಸ್ಕರ ಅಂತ ತನಗೆ ತಾನೇ ಹೇಳಿಕೊಂಡಿದ್ದಳು. ವೇಣುವಿಗೋಸ್ಕರ ಅಲ್ಲ. ಪೆಟ್ಟಿಗೆ ಕಾಯ್ದವಳು ಅನ್ನುವ ಹೆಸರಿಗೋಸ್ಕರ. ಅದು ಅವಳಿಗೆ ಈಗ ಗೊತ್ತಾಯಿತು, ಗೊತ್ತಾಗಿ ಏನು ಬಂತು.

ಶ್ಯಾಮಲಾ ಬಂದಾಗ ಜನ ಸರಿದು ದಾರಿ ಬಿಟ್ಟರು. ಅವಳು ಅಪ್ಪನ ತಲೆಯ ಹತ್ತಿರ ಕೂತು, ಬೆನ್ನ ಕೆಳಗೆ ಕೈ ತೂರಿಸಿ ಮೆಲ್ಲಗೆ ನೀವಿದಳು. ಎತ್ತುವ ಮುಂಚೆ ಬಾಯಿಗೆ ನೀರು ಬಿಡಬೇಕಿತ್ತು. ಮುನಿಶಾಮಮ್ಮ ಎದ್ದು ಒಳಗಿನಿಂದ ಒಂದು ಲೋಟ ನೀರು ತಂದು ಅವಳ ಮುಂದೆ ಹಿಡಿದಳು. ಶ್ಯಾಮಲಾ ಆ ಕೈಯನ್ನು ನೋಡಿದಳು, ಮುಖ ನೋಡಲಿಲ್ಲ. ತನ್ನ ಬ್ಯಾಗಿನಿಂದ ರೈಲಿನಲ್ಲಿ ಕುಡಿದು ಉಳಿದಿದ್ದ ನೀರಿನ ಬಾಟಲಿ ತೆಗೆದು, ಅದರಿಂದಲೇ ಅಪ್ಪನ ಬಾಯಿಗೆ ಬಿಟ್ಟಳು.