ತಿರುಗಿದ ಬಾಣ

ಬೋರ್ಡ್ ಬರೆಯುವ ಪೇಂಟರ್ ಕೊನೆಗೂ ಕುಡಿತ ಬಿಟ್ಟವರ ಕೂಟಕ್ಕೆ ಹೊರಟ. ದಾರಿ ಯಾರನ್ನೂ ಕೇಳಲಿಲ್ಲ. ಮೂಲೆಯಲ್ಲಿ ಕೂಟದ ಬೋರ್ಡಿತ್ತು, ಬರೆದವನೂ ಅವನೇ. ಬಾಣ ತೋರಿಸಿದ ಕಡೆ ನಡೆದರೆ ಎದುರಿಗೆ ಬಾರು! ಬರೆದ ದಿನ ಅಮಲಿನಲ್ಲಿ ಬಾಣವನ್ನು ಉಲ್ಟಾ ಎಳೆದಿದ್ದ. ನಗು ಬಂತು, ಬಾಯಲ್ಲಿ ನೀರೂ ಬಂತು. ಉಗುಳು ನುಂಗಿ ಎದುರು ದಿಕ್ಕಿಗೆ ನಡೆದ.

ಕೂಟದ ನರ್ಸಮ್ಮ ಬೆಂಚಿನಲ್ಲಿ ಜಾಗ ಮಾಡಿಕೊಟ್ಟರು. "ಕೂತ್ಕೊಳಪ್ಪ. ಆ ಬೋರ್ಡ್ ನಂಬಿ ಎಷ್ಟು ಜನ ಬಾರಿಗೆ ಹೋದ್ರೋ! ಬರೆದ ಪುಣ್ಯಾತ್ಮ ತಿದ್ದೋಕೆ ಬರಲೇ ಇಲ್ಲ."

ಅವನ ನಗು ಅಲ್ಲೇ ಸತ್ತಿತು. ಹೋದ ವರ್ಷ ಅವನ ಕುಡುಕ ತಮ್ಮ ಇಸ್ತ್ರಿ ಅಂಗಿ ತೊಟ್ಟು, "ಅಣ್ಣಾ, ನೀನು ಬರೆದ ಬೋರ್ಡ್ ನೋಡ್ದೆ, ಅಲ್ಲಿಗೇ ಹೋಗ್ತಿದೀನಿ" ಎಂದು ಹೊರಟಿದ್ದ. ಬಂದಿದ್ದು ತೂರಾಡಿಕೊಂಡು. "ನಾಯಿ ಬಾಲ ಯಾವತ್ತೂ ಡೊಂಕೇ" ಎಂದು ಅಣ್ಣ ಹಂಗಿಸಿದ್ದ. ಬೆಳಗಾಗುವಷ್ಟರಲ್ಲಿ ತಮ್ಮ ಮನೆ ಬಿಟ್ಟಿದ್ದ. ಇನ್ನೂ ಸುಳಿವಿಲ್ಲ.

ಮಾರನೇ ದಿನವೇ ಪೇಂಟರ್ ಬಾಣ ತಿದ್ದಿದ. ಈಗ ಕೂಟಕ್ಕೆ ಎಲ್ಲರಿಗಿಂತ ಮೊದಲು ಬಂದು, ಬೆಂಚಿನಲ್ಲಿ ತನ್ನ ಪಕ್ಕದ ಜಾಗಕ್ಕೆ ಕರ್ಚೀಫ್ ಹಾಕಿಡುತ್ತಾನೆ. ಯಾರಾದರೂ ಕೂರಲು ಬಂದರೆ ಸಿಡುಕುತ್ತಾನೆ:

"ಕರ್ಚೀಫ್ ಕಾಣಲ್ವೇನ್ರೀ? ನನ್ನ ತಮ್ಮ ಬರ್ತಾನೆ. ಬೋರ್ಡ್ ಈಗ ಸರಿಯಾಗಿದೆ."