ಎರಡನೇ ಬಹುಮಾನ ಬಂದ ಹಸೆಮಣೆ

ಬದುಕಿದೆ ಕಣ್ರಮ್ಮಾ, ಇವತ್ತು ನಮ್ಮ ಅಳಿಯಂದಿರು ಸೋತರು.

ಈ ಪರದೇಶದ ಲಂಗಾಟಾದಲ್ಲಿರುವ ಮನೆಯ ಹಿತ್ತಲಲ್ಲಿ ಅವರು ಹವ್ಯಾಸಕ್ಕೆಂದು ಮರ ಕೊಯ್ಯುವ ಮೆಷಿನ್ ಇಟ್ಟುಕೊಂಡಿದ್ದಾರೆ. ಅದೇ ಹುಚ್ಚಿನವರೆಲ್ಲ ಸೇರಿ ಈಸ್ಟರ್ ರಜೆಗೆ ಸ್ಪರ್ಧೆ ಇಟ್ಟಿದ್ದರು. ಇವರು ಒಯ್ದದ್ದು ನನ್ನ ಮೊಮ್ಮಗಳ ಮದುವೆಗೆ ತಾವೇ ಮಾಡಿದ ಹಸೆಮಣೆ. ಅಲ್ಲಿ ಹೋದಮೇಲೆ ತಿಳಿಯಿತು, ಮೊದಲ ಬಹುಮಾನ ಗೆದ್ದ ವಸ್ತು ವರ್ಷವಿಡೀ ಅವರ ಕ್ಲಬ್ಬಿನಲ್ಲೇ ಇರಬೇಕಂತೆ. ಮದುವೆ ಮುಂದಿನ ವಾರ. ವಾಪಸ್ ತಗೊಳ್ಳಿ ಎಂದರೆ, "ಹೆಸರು ಕೊಟ್ಟಾಯ್ತಲ್ಲ ಅತ್ತೆ," ಎಂದರು.

ತೀರ್ಪುಗಾರ ಮಣೆ ತಿರುಗಿಸಿ ನೋಡಿ ಏನೋ ಕೇಳಿದ.

"ಅಜ್ಜಿ, ಇದಕ್ಕೆ ಕಾಲೇ ಇಲ್ವಲ್ಲ ಅಂತಾರೆ," ಎಂದಳು ಮೊಮ್ಮಗಳು.

"ಕೂರೋರಿಗಿರುತ್ತೆ ಕಾಲು, ಮಣೆಗ್ಯಾಕೆ ಅನ್ನು."

ಆತ ನಕ್ಕು ಮೆಚ್ಚಿಕೊಂಡುಬಿಟ್ಟ. ಇನ್ನು ಇದು ಗೆದ್ದೇಬಿಡುತ್ತೆ ಎಂದುಕೊಂಡೆ. ಕೂತು ತೋರಿಸಿ ಎಂದ. ಕೂತೆ. ಏಳಲಿಲ್ಲ. ಇಬ್ಬರು ಎತ್ತಬೇಕಾಯಿತು. ವಯಸ್ಸಾದವರಿಗೆ ಅನುಕೂಲವಿಲ್ಲ ಎಂದು ಎರಡನೇ ಬಹುಮಾನ ಕೊಟ್ಟ.

ಕಾರಿನಲ್ಲಿ ಅಳಿಯಂದಿರು, "ಮಂಡಿನೋವಿದ್ರೂ ಮನೇಲಿ ಚೆನ್ನಾಗೇ ಏಳ್ತೀರಲ್ಲ ಅತ್ತೆ," ಎಂದರು.

"ಮಗಳನ್ನ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂರಿಸಿ ಧಾರೆ ಎರೀತಿದ್ರಾ?"

ಮಣೆ ಈಗ ದೇವರ ಕೋಣೆಯಲ್ಲಿದೆ. ಈ ಮಂಡಿನೋವು ಇಷ್ಟು ವರ್ಷಕ್ಕೆ ಇವತ್ತೊಂದು ದಿನ ಉಪಕಾರಕ್ಕೆ ಬಂತು.